ಉಂಟು ಅಂದದ್ದು

ಕಾವೂರು ಕೆರೆಯ ಹತ್ತಿರ ನಮ್ಮ ಬೇಕರಿಯ ಬಾಗಿಲ ಮೇಲೆ ಕಳೆದ ನವೆಂಬರಿನಿಂದ ಈ ಏಪ್ರಿಲಿನವರೆಗೆ ಒಂದು ಹಳದಿ ಸೂರ್ಯ ಇತ್ತು. ಊಟದ ತಟ್ಟೆಯಷ್ಟು ಅಗಲದ ಬೋರ್ಡು. ಈಗ ಅಲ್ಲಿ ನಾಲ್ಕು ಸ್ಕ್ರೂ ತೂತು ಮಾತ್ರ ಉಳಿದಿವೆ. ಆ ಬೋರ್ಡು ಹೋದದ್ದು ನನ್ನಿಂದ. ಬಂದದ್ದೂ ನನ್ನಿಂದಲೇ, ಮತ್ತು ಹೆಚ್ಚಿನ ನಾಚಿಕೆ ಅದು ಬಂದ ರೀತಿಯದು.

ನನ್ನ ಹೆಸರು ಮುದ್ದು. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಹದಿನಾರನೇ ವರ್ಷದಲ್ಲಿ ಮ್ಯಾಕ್ಸಿಮ್ ಪೊರ್ಬುಗಳ ಬೇಕರಿಗೆ ಬಂದೆ, ಈಗ ಅರವತ್ತೊಂಬತ್ತು. ಕ್ರಿಶ್ಚಿಯನ್ ಧಣಿಗಳನ್ನು ನಮ್ಮ ಕಡೆ ಪೊರ್ಬುಗಳು ಎನ್ನುವುದು. ಆಗ ಕಟ್ಟಿಗೆಯ ಭಟ್ಟಿ, ಈಗ ಕರೆಂಟಿನದ್ದು. ಮ್ಯಾಕ್ಸಿಮ್ ಪೊರ್ಬುಗಳು ತೀರಿಕೊಂಡ ಮೇಲೆ ಮಗ ಅಲ್ಫೋನ್ಸ್ ಪೊರ್ಬುಗಳು ನಡೆಸುತ್ತಿದ್ದಾರೆ. ಅವರನ್ನು ನಾನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದದ್ದುಂಟು. ಹಾಗಾಗಿ ಧಣಿಯಾದರೂ ಅವರು ನನ್ನನ್ನು ಮುದ್ದಣ್ಣ ಎನ್ನುತ್ತಾರೆ. ಎನ್ನುತ್ತಿದ್ದರು.

ನನಗೆ ಓದು ಬರಹ ಕಡಿಮೆ, ಆದರೆ ನೆನಪು ಒಳ್ಳೆಯದು ಎಂದು ಕಾವೂರಿನಲ್ಲಿ ಹೆಸರಿತ್ತು. ಮೊಮ್ಮಕ್ಕಳ ಬರ್ತ್‌ಡೇ ಕೇಕಿಗೆ ಹೇಳಲು ಬಂದ ಹೆಂಗಸರು, ‘ಮುದ್ದಣ್ಣ, ನನ್ನ ಮದುವೆಯ ಕೇಕ್ ಹೇಗಿತ್ತು?’ ಎಂದು ತಮಾಷೆಗೆ ಕೇಳುವರು. ಮೂರು ಅಂತಸ್ತಿನದ್ದು, ಮೇಲಿನ ಹಂಸದ ಕೊಕ್ಕು ದಾರಿಯಲ್ಲಿ ಮುರಿದು ಸಕ್ಕರೆಯಲ್ಲಿ ಅಂಟಿಸಿದ್ದು ಎಂದು ನಾನು ಹೇಳುವೆ. ಅವರು ನಗುವರು. ನನಗೆ ಒಳಗೊಳಗೆ ಹೆಮ್ಮೆ.

ಬೇಕರಿಯ ಕರೆಂಟಿನ ಕೆಲಸವೂ ನನ್ನದೇ. ಅದು ಶುರುವಾದದ್ದು ಒಂದು ಸಿಡಿಲಿನಿಂದ. ನಾನು ಸೇರಿ ಐದಾರು ವರ್ಷವಾಗಿತ್ತು. ಮೇ ತಿಂಗಳ ಒಂದು ಸಂಜೆ ಸಿಡಿಲು ಬಡಿದು, ಆಗಷ್ಟೇ ತಂದಿದ್ದ ಹಿಟ್ಟು ಕಲಸುವ ಮೆಷಿನಿನ ಮೋಟರು ಸುಟ್ಟುಹೋಯಿತು. ಮ್ಯಾಕ್ಸಿಮ್ ಪೊರ್ಬುಗಳು ಬೈಯಲಿಲ್ಲ. ‘ಮುದ್ದು, ಇನ್ನು ಗುಡುಗು ಕೇಳಿದ ಕೂಡಲೇ ನೀನು ಫ್ಯೂಸ್ ಎಳಿ. ಶಿಲುಬೆ ಗುರುತು ಹಾಕುವ ಕೆಲಸ ನಾನು ನೋಡ್ಕೊಳ್ತೇನೆ’ ಎಂದರು. ಅಂದಿನಿಂದ ಗುಡುಗಿದಾಗಲೆಲ್ಲ ನನ್ನ ಕೈ ತಾನಾಗಿ ಫ್ಯೂಸಿಗೆ ಹೋಗುತ್ತದೆ. ಗುಡುಗು ನಿಂತ ಮೇಲೆ ಹಾಕಲು ಒಮ್ಮೆಯೂ ಮರೆತದ್ದಿಲ್ಲ. ಮರೆಯುವುದು ಹೇಗೆ? ಫ್ಯೂಸ್ ಇಲ್ಲದಿದ್ದರೆ ಮೆಷಿನು ತಿರುಗುವುದಿಲ್ಲ, ಬಲ್ಬು ಹೊತ್ತುವುದಿಲ್ಲ. ಒಳಗಿನ ಹತ್ತು ಮಂದಿ ಒಟ್ಟಿಗೆ ‘ಮುದ್ದಣ್ಣ, ಕರೆಂಟ್!’ ಎಂದು ಕೂಗುತ್ತಾರೆ. ನನ್ನ ನೆನಪು ಎಂದು ನಾನು ತಿಳಿದುಕೊಂಡಿದ್ದರಲ್ಲಿ ಅರ್ಧ ಅವರ ಬೊಬ್ಬೆ. ಅದು ನನಗೆ ಬಹಳ ತಡವಾಗಿ ತಿಳಿಯಿತು.

ಮೂರು ವರ್ಷದ ಹಿಂದೆ ಅಲ್ಫೋನ್ಸ್ ಪೊರ್ಬುಗಳು ತಾರಸಿಯಲ್ಲಿ ಸೋಲಾರ್ ಹಾಕಿಸಿದರು. ಹದಿನೆಂಟು ಪ್ಯಾನೆಲು. ಮೆಟ್ಟಿಲಿನ ಮೇಲ್ಗಡೆ ಗೋಡೆಗೆ ಒಂದು ಪೆಟ್ಟಿಗೆ, ಅದರ ಪಕ್ಕ ತಿರುಗಿಸುವ ಒಂದು ಕೆಂಪು ಸ್ವಿಚ್ಚು. ಹಾಕಲು ಬಂದ ಜನ, ‘ಸಿಡಿಲಿಗೆ ಬೇರೆ ಕಂಬಿ ನೆಟ್ಟಿದ್ದೇವೆ ಅಜ್ಜ, ನೀವು ಗುಡುಗಿಗೆ ಇದನ್ನು ಮುಟ್ಟಬೇಕಂತ ಇಲ್ಲ’ ಎಂದು ಹೇಳಿಯೇ ಹೋಗಿದ್ದರು. ನಾನು ತಲೆಯಾಡಿಸಿದೆ. ಆದರೆ ಗುಡುಗಿದರೆ ಕೈ ಕೇಳಬೇಕಲ್ಲ. ಕೆಳಗೆ ಫ್ಯೂಸ್ ಎಳೆದು, ಮೇಲೆ ಹೋಗಿ ಕೆಂಪು ಸ್ವಿಚ್ಚನ್ನೂ ತಿರುಗಿಸಿ ಬರುತ್ತಿದ್ದೆ.

ಕಳೆದ ವರ್ಷ ಮೇ ಆರನೇ ತಾರೀಕು ಮಧ್ಯಾಹ್ನ ಗುಡುಗಿತು. ಮರುದಿನ ಪೊರ್ಬುಗಳ ಇಗರ್ಜಿಯಲ್ಲಿ ಮಕ್ಕಳ ಪ್ರಥಮ ಪರಮಪ್ರಸಾದದ ಹಬ್ಬ, ಒಳಗೆ ನಲವತ್ತು ಕೇಕಿನ ಗಡಿಬಿಡಿ. ಫ್ಯೂಸ್ ಎಳೆದೆ, ಮೇಲೆ ಹೋಗಿ ಕೆಂಪು ಸ್ವಿಚ್ಚು ತಿರುಗಿಸಿದೆ. ಮಳೆ ಬಂತು, ಹೋಯಿತು. ಕೆಳಗಿನಿಂದ ಕೂಗಿದರು, ಫ್ಯೂಸ್ ಹಾಕಿದೆ, ಮೆಷಿನು ತಿರುಗಿತು. ಮೇಲಿನದ್ದಕ್ಕೆ ಯಾರೂ ಕೂಗಲಿಲ್ಲ. ಸೋಲಾರ್ ನಿಂತರೆ ಮೆಸ್ಕಾಂ ಕರೆಂಟು ತಾನಾಗಿ ಬರುತ್ತದೆ. ಸೂರ್ಯ ಹೋದರೂ ನಮ್ಮಲ್ಲಿ ಯಾರಿಗೂ ಕತ್ತಲಾಗಲಿಲ್ಲ.

ಆ ಸಲ ಬೇಗನೆ ಮಳೆಗಾಲ ಹಿಡಿಯಿತು. ಗುಡುಗು ನಿಂತು ಬರೀ ಮಳೆ. ಪಾಚಿಗೆ ಜಾರುತ್ತದೆ ಎಂದು ನಾನು ತಾರಸಿ ಹತ್ತಲಿಲ್ಲ. ಪೊರ್ಬುಗಳ ಫೋನಿನಲ್ಲಿ ಸೋಲಾರ್ ನೋಡುವ ಆ್ಯಪ್ ಇತ್ತು, ವೈಫೈ ಬದಲಾಯಿಸಿದ ಮೇಲೆ ಅದು ಸತ್ತಿತ್ತು. ಬಿಲ್ಲು ಹೆಚ್ಚು ಬಂದರೆ ಅವರು, ‘ಮಳೆಗಾಲ ಅಲ್ವಾ, ಸೂರ್ಯನಿಗೂ ರಜೆ ಬೇಕು’ ಎನ್ನುತ್ತಿದ್ದರು.

ಸೆಪ್ಟೆಂಬರಿನಲ್ಲಿ ಕಾವೂರಿನ ವ್ಯಾಪಾರಿಗಳ ಸಂಘದವರೂ ಸುರತ್ಕಲ್ಲಿನ ಕೆಲವು ಕಾಲೇಜು ಮಕ್ಕಳೂ ಸೇರಿ ಒಂದು ಕಾರ್ಯಕ್ರಮ ಶುರು ಮಾಡಿದರು. ‘ಬಿಸಿಲ ಗುರುತು’ ಎಂದು ಹೆಸರು. ಕಾನೂನಲ್ಲ, ದಂಡ ಇಲ್ಲ, ಮನಸ್ಸಿದ್ದವರು ಸೇರಬಹುದು. ವರ್ಷವಿಡೀ ಬಿಸಿಲಿನ ಕರೆಂಟು ಚೆನ್ನಾಗಿ ನಡೆಸಿದ ಒಂದು ಜಾಗಕ್ಕೆ ಸೂರ್ಯನ ಬೋರ್ಡು, ಅದನ್ನು ನೋಡಿಕೊಳ್ಳುವ ಕೆಲಸದವನಿಗೆ ಶಾಲು. ನೋಡಿದವರಿಗೆ ತಾವೂ ಹಾಕಿಸಬೇಕು ಅನ್ನಿಸಲಿ ಎಂದು. ಪೊರ್ಬುಗಳು ಮೊದಲ ದಿನವೇ ಹೆಸರು ಕೊಟ್ಟರು.

ಅಕ್ಟೋಬರ್ ಎರಡರಂದು ವಿಚಾರಿಸಲು ಬರುತ್ತೇವೆ ಎಂದಿದ್ದರು. ಹಿಂದಿನ ದಿನ ಪ್ಯಾನೆಲು ಒರೆಸಿಡುವ ಎಂದು ಬಕೆಟು, ಬಟ್ಟೆ ಹಿಡಿದು ಮೇಲೆ ಹೋದೆ. ಕೆಂಪು ಸ್ವಿಚ್ಚು ಅಡ್ಡ ತಿರುಗಿ ನಿಂತಿತ್ತು. ಅದರ ಸಂದಿಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿ, ಮರಿ ಮಾಡಿ, ಬಿಟ್ಟು ಹೋಗಿಯೂ ಆಗಿತ್ತು.

ನಾನು ಬಕೆಟು ಕೆಳಗಿಟ್ಟೆ. ಬೆರಳು ಮಡಚಿ ಎಣಿಸಿದೆ. ಮೇ ಆರರಿಂದ ಅಕ್ಟೋಬರ್ ಒಂದು, ನೂರ ನಲವತ್ತೆಂಟು ದಿನ. ಗೂಡು ಕೆರೆದು ತೆಗೆದು ಸ್ವಿಚ್ಚು ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯಲ್ಲಿ ಹಸಿರು ದೀಪ ಬಂತು, ಏನೂ ಆಗದ ಹಾಗೆ. ಕೆಳಗಿಳಿದು ಬಂದಾಗ ಪೊರ್ಬುಗಳು ದುಡ್ಡಿನ ಗಲ್ಲಾದಲ್ಲಿ ಕೂತಿದ್ದರು. ‘ಎಂತ ಮುದ್ದಣ್ಣ, ಮೇಲೆ ಎಲ್ಲ ಸರಿ ಉಂಟಾ?’ ಎಂದರು. ‘ಉಂಟು’ ಎಂದೆ. ಆಗ ಅದು ನಿಜವೂ ಹೌದು.

ಮರುದಿನ ಬಂದವಳು ಸಂಚಿತಾ ಎಂಬ ಹುಡುಗಿ, ಇಂಜಿನಿಯರಿಂಗ್ ಕೊನೆಯ ವರ್ಷ. ಕೈಯಲ್ಲಿ ಒಂದು ಫಾರಂ.

‘ನನ್ನ ಹತ್ರ ಕೇಳಬೇಡ ಮಾರಾಯ್ತಿ’ ಎಂದರು ಪೊರ್ಬುಗಳು. ‘ಬೇಕರಿ ನಂದು, ತಾರಸಿ ಮುದ್ದಣ್ಣಂದು.’

ಅವಳು ನನ್ನ ಕಡೆ ತಿರುಗಿದಳು. ‘ಅಜ್ಜ, ಬಿಲ್ಲು ಗಿಲ್ಲು ಎಂತದೂ ಬೇಡ. ಕಾಗದ ಕೇಳಿದ್ರೆ ಯಾರೂ ಸೇರುದಿಲ್ಲ. ನೀವು ಹೇಳಿದ್ದನ್ನು ನಂಬಿ ಬರ್ಕೊಳ್ತೇನೆ, ಅಷ್ಟೇ. ಸೋಲಾರ್ ಉಂಟಲ್ಲ?’

‘ಉಂಟು.’

‘ನಡೀತಾ ಉಂಟಾ?’

‘ಉಂಟು.’

‘ವರ್ಷ ಇಡೀ ಉಂಟಲ್ಲ? ಅಲ್ಲ, ನಡುವೆ ನಿಂತದ್ದು ಉಂಟಾ?’

ಎರಡು ಪ್ರಶ್ನೆ ಒಟ್ಟಿಗೆ ಬಂದವು. ನನ್ನ ಕೈಯಲ್ಲಿ ಬನ್ನಿನ ಟ್ರೇ ಇತ್ತು. ಅದನ್ನು ನೋಡುತ್ತಾ ‘ಉಂಟು’ ಎಂದೆ.

ಅವಳ ಪೆನ್ನು ಒಂದು ಗಳಿಗೆ ನಿಂತಿತು. ಯಾವುದಕ್ಕೆ ಉಂಟು ಎಂದು ಕೇಳುತ್ತಾಳೆ, ಕೇಳಿದರೆ ಹೇಳಿಬಿಡುತ್ತೇನೆ ಎಂದು ಕಾದೆ. ಅಷ್ಟರಲ್ಲಿ ಪೊರ್ಬುಗಳು, ‘ಮುದ್ದಣ್ಣ ಇರುವಾಗ ನಿಲ್ಲುವುದುಂಟಾ! ಬರಿ, ಬರಿ’ ಎಂದು ನಕ್ಕರು. ಅವಳೂ ನಕ್ಕಳು. ನಿಂತ ದಿನ ಎಷ್ಟು ಎಂಬ ಜಾಗದಲ್ಲಿ ಸೊನ್ನೆ ಬರೆದಳು. ನನಗೆ ಅಕ್ಷರ ನಿಧಾನ, ಆದರೆ ಸೊನ್ನೆ ದೂರದಿಂದಲೂ ತಿಳಿಯುತ್ತದೆ.

ಆ ರಾತ್ರಿ ಮಾತ್ರ ಅಲ್ಲ, ಆಮೇಲೂ ಎಷ್ಟೋ ದಿನ ನಾನು ನನಗೇ ಹೇಳಿಕೊಂಡೆ: ಕೊನೆಯ ಪ್ರಶ್ನೆಗೆ ನಾನು ಉಂಟು ಅಂದದ್ದು, ನಿಂತದ್ದು ಉಂಟು ಅಂತಲೇ ಅರ್ಥ, ಅವಳು ತಪ್ಪು ಬರೆದುಕೊಂಡರೆ ನಾನೇನು ಮಾಡಲಿ? ಹೀಗೆ ಹೇಳಿಕೊಂಡಷ್ಟೂ ಮುಖ ಬಿಸಿಯಾಗುತ್ತಿತ್ತು.

ನವೆಂಬರಿನಲ್ಲಿ ಸಂಘದ ಹಾಲಿನಲ್ಲಿ ಸಭೆ. ಹೆಂಡತಿ ರತ್ನಾವತಿ ಮಗಳ ಮದುವೆಯ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಸಭೆ ಶುರುವಾಗುವ ಮೊದಲು ಬೀಫಾತಿಮ್ಮ ಬಂದು ಮಾತಾಡಿಸಿದಳು. ಕೆರೆಯ ಆಚೆ ಎಂಟು ಹೊಲಿಗೆ ಮೆಷಿನು ಇಟ್ಟುಕೊಂಡು ಶಾಲೆಯ ಯೂನಿಫಾರಂ ಹೊಲಿಸುವವಳು. ಅವಳ ಮನೆಯ ಮಾಡಿನ ಮೇಲೂ ಸೋಲಾರ್ ಉಂಟು.

‘ಬೋರ್ಡು ನಿಮಗೇ ಸಿಗಬೇಕಾದ್ದು ಮುದ್ದಣ್ಣ’ ಎಂದಳು. ‘ನಂದು ನಡುವಲ್ಲಿ ಎರಡೂವರೆ ತಿಂಗಳು ನಿಂತಿತ್ತು. ಹಾಗೇ ಬರೆದು ಕೊಟ್ಟೆ. ಆ ಹುಡುಗಿ, ಇಷ್ಟೊಂದಾ ಅಂತ ಕೇಳಿದ್ಳು. ನಾಚಿಕೆ ಆಯ್ತು.’

‘ಅದಕ್ಕೆಂತ ನಾಚಿಕೆ’ ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತು.

ಮೈಕಿನಲ್ಲಿ ಸಂಚಿತಾ ಓದಿದಳು, ‘ಒಂದು ದಿನವೂ ನಿಲ್ಲದೆ.’ ನನ್ನನ್ನು ಮೇಲೆ ಕರೆದರು. ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತಾಡಿ ಎಂದಾಗ ನಾನು ಕೈಮುಗಿದು ಇಳಿದೆ. ಎಷ್ಟು ವಿನಯ ನೋಡಿ ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಚಪ್ಪಾಳೆ ತಟ್ಟಿದವರಲ್ಲಿ ಬೀಫಾತಿಮ್ಮಳೇ ಎಲ್ಲರಿಗಿಂತ ಜೋರು. ಮನೆಗೆ ಹೋದ ಮೇಲೆ ರತ್ನಾವತಿ ಶಾಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಬುಟ್ಟಿಯ ಸೇಬು ಅವಳು ಕೊಯ್ದು ಕೊಟ್ಟದ್ದನ್ನು ನಾನು ತಟ್ಟೆಯಲ್ಲೇ ಬಿಟ್ಟೆ. ಹಲ್ಲು ನೋವು ಎಂದೆ.

ಬೋರ್ಡು ತನ್ನ ಕೆಲಸ ಮಾಡಿತು, ಅದನ್ನು ಹೇಳಲೇಬೇಕು. ಬ್ರೆಡ್ಡಿಗೆ ಬಂದವರು ತಲೆಯೆತ್ತಿ ನೋಡಿ, ಇದೆಂತ ಎಂದು ಕೇಳುವರು. ಪೊರ್ಬುಗಳು ಅವರನ್ನು ತಾರಸಿಗೆ ಕಳಿಸುವರು, ನಾನು ತೋರಿಸಬೇಕು. ಮಾರ್ಚಿನೊಳಗೆ ಆರು ಕಡೆ ಹಾಕಿಸಿದರು. ಹಿಟ್ಟಿನ ಮಿಲ್ಲಿನವರು, ಟ್ಯೂಷನ್ ಸೆಂಟರಿನವರು, ಪಡೀಲಿನಿಂದ ಒಬ್ಬರು ಐಸ್‌ಕ್ರೀಮಿನವರು ಕೂಡ. ಎಲ್ಲರೂ ಕೆಂಪು ಸ್ವಿಚ್ಚಿನ ಎದುರು ನಿಲ್ಲುತ್ತಿದ್ದರು. ನಾನು ಅದರ ಸಂದಿಯಲ್ಲಿ ಉಳಿದ ಮಣ್ಣಿನ ಕಲೆ ಕಾಣದ ಹಾಗೆ ಅಡ್ಡ ನಿಲ್ಲುತ್ತಿದ್ದೆ.

ಕ್ರಿಸ್ಮಸ್ಸಿನ ಗಲಾಟೆ ಮುಗಿದ ಮೇಲೆ ಪೊರ್ಬುಗಳಿಗೆ ಹೇಳಿದೆ. ಎಲ್ಲವನ್ನೂ ಹೇಳಿದೆ, ಕಣಜದ ಗೂಡು ಸಹ. ಅವರು ಗಲ್ಲಾದ ಡ್ರಾವರು ಮುಚ್ಚಿ ನನ್ನ ಕಡೆ ತಿರುಗಿದರು.

‘ಈಗ ನಡೀತಾ ಉಂಟಲ್ಲ?’

‘ಉಂಟು.’

‘ಮತ್ತೆಂತ? ಬೋರ್ಡು ನೋಡಿ ಜನ ಹಾಕಿಸ್ತಾ ಇದ್ದಾರೆ. ಈಗ ನೀವು ಹೋಗಿ ಇಲ್ಲ ಅಂದ್ರೆ ಎಲ್ಲ ಸುಳ್ಳು, ಸೋಲಾರೂ ಲೊಟ್ಟೆ ಅಂತಾರೆ. ಬಾಯಿ ಮುಚ್ಚಿ ಇರಿ ಮುದ್ದಣ್ಣ. ಒಳ್ಳೇದಕ್ಕೇ ಆಯ್ತಲ್ಲ.’

ಆ ಮಾತನ್ನು ನಾನು ಕೈಚಾಚಿ ತೆಗೆದುಕೊಂಡೆ. ಹೇಳಿಯಾಯಿತು, ಇನ್ನು ಧಣಿಯ ಜವಾಬ್ದಾರಿ ಎಂದುಕೊಂಡೆ. ಮೂರು ತಿಂಗಳು ಹಾಗೇ ಕಳೆಯಿತು.

ಏಪ್ರಿಲಿನಲ್ಲಿ ಮೊದಲ ಗುಡುಗು ಬಂದ ಮರುದಿನ ಬೀಫಾತಿಮ್ಮ ಬೇಕರಿಗೆ ಫೋನು ಮಾಡಿದಳು. ಸಂಜೆ ಕೆಲಸ ಬಿಟ್ಟ ಮೇಲೆ ಒಮ್ಮೆ ಬಂದು ಹೋಗಿ, ಒಂದು ವಿಷಯ ಕೇಳಲಿಕ್ಕುಂಟು ಎಂದಳು. ಹೋದೆ. ಶಾಲೆ ಶುರುವಾಗುವ ಮೊದಲಿನ ಹೊಲಿಗೆ, ಎಂಟು ಮೆಷಿನೂ ಓಡುತ್ತಿದ್ದವು. ನೀಲಿ ಚಡ್ಡಿಯ ರಾಶಿ ಮೊಣಕಾಲೆತ್ತರ. ಅವಳು ನನ್ನನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ನಮ್ಮದರ ಹಾಗೆಯೇ ಒಂದು ಕೆಂಪು ಸ್ವಿಚ್ಚು.

‘ಮುದ್ದಣ್ಣ, ನಗಾಡಬೇಡಿ. ನಮ್ಮ ಉಮ್ಮ ಗುಡುಗಿದ್ರೆ ರೇಡಿಯೋ ಪಿನ್ನು ಎಳೀತಿದ್ರು. ನನಗೂ ಅದೇ ಬುದ್ಧಿ. ಗುಡುಗಿದ ಕೂಡ್ಲೇ ಇದನ್ನು ಆಫ್ ಮಾಡ್ತೇನೆ, ಮತ್ತೆ ಹಾಕ್ಲಿಕ್ಕೆ ಮರೀತೇನೆ. ಕಳೆದ ವರ್ಷ ಎಪ್ಪತ್ತನಾಲ್ಕು ದಿನ ಆದದ್ದು ಹಾಗೇ. ಹಾಳಾದದ್ದಲ್ಲ, ಎಂತದೂ ಅಲ್ಲ, ಮರೆತದ್ದು. ನಿಮ್ಮದು ಒಂದು ದಿನವೂ ನಿಲ್ಲಲಿಲ್ಲ ಅಲ್ವಾ. ನೀವು ಹೇಗೆ ನೆನಪಿಡುವುದು? ಅದೊಂದು ಹೇಳಿ ಕೊಡಿ.’

ನಾನು ಸ್ವಿಚ್ಚು ನೋಡಿದೆ. ಮೆಷಿನುಗಳ ಸದ್ದಿನಲ್ಲಿ ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ. ಜೋರಾಗಿಯೇ ಹೇಳಬೇಕಾಯಿತು.

‘ನಂದೂ ನಿಂತಿತ್ತು. ಹೀಗೇ ಆಫ್ ಮಾಡಿ ಮರೆತದ್ದು. ನೂರ ನಲವತ್ತೆಂಟು ದಿನ.’

ಹತ್ತಿರದ ಎರಡು ಮೆಷಿನು ನಿಂತವು. ಬೀಫಾತಿಮ್ಮ ಬಾಯಲ್ಲಿ ಹಿಡಿದಿದ್ದ ಗುಂಡುಸೂಜಿಯನ್ನು ತೆಗೆದು ಕೈಯಲ್ಲಿ ಹಿಡಿದಳು. ಮನಸ್ಸಿನಲ್ಲೇ ಲೆಕ್ಕ ಹಾಕಿರಬೇಕು.

‘ಯಾ ಅಲ್ಲಾ, ನನ್ನದರ ಸರೀ ಡಬಲ್!’

ಹೊಲಿಯುವ ಹುಡುಗಿಯರು ಕಿಸಕ್ಕೆಂದು ನಕ್ಕರು. ಅವಳೂ ನಕ್ಕಳು. ನಗುವಿನಲ್ಲಿ ವಿಷ ಇರಲಿಲ್ಲ. ಇದ್ದಿದ್ದರೆ ನನಗೆ ನಿಲ್ಲಲು ಸುಲಭವಾಗುತ್ತಿತ್ತು. ಆಮೇಲೆ ಅವಳ ನಗು ತಾನಾಗಿ ನಿಂತಿತು.

‘ಅಲ್ಲ ಮುದ್ದಣ್ಣ, ಬೋರ್ಡು ಹೋಗ್ಲಿ. ನನಗೆ ಬೋರ್ಡಿನಿಂದ ಎಂತ ಆಗ್ಲಿಕ್ಕುಂಟು? ಆವತ್ತು ಆ ಫಾರಂನಲ್ಲಿ ಎಪ್ಪತ್ತನಾಲ್ಕು ಅಂತ ಬರೆದು, ಮೆಷಿನಿನವರಿಗೆ ಕಾಣದ ಹಾಗೆ ಮಡಚಿ ಕೊಟ್ಟದ್ದು ನಾನು. ಎಂಟು ಮೆಷಿನು ನಡೆಸುವವಳು, ಒಂದು ಸ್ವಿಚ್ಚು ನೆನಪಿಡ್ಲಿಕ್ಕೆ ಆಗುದಿಲ್ವಾ ನಿನಗೆ ಅಂತ ನನ್ನನ್ನು ನಾನೇ ಬೈದದ್ದು ಎಷ್ಟು ದಿನ! ಹಾಲಿನಲ್ಲಿ ನಿಮ್ಮ ಹತ್ರ ಹೇಳಿದೆನಲ್ಲ ನಾಚಿಕೆ ಆಯ್ತು ಅಂತ. ಆಗ ನೀವು, ನಂದೂ ಹಾಗೇ ಅಂತ ಒಂದು ಮಾತು ಅಂದಿದ್ರೆ ನನಗೊಂದು ಜೊತೆ ಸಿಗ್ತಿತ್ತು.’

ಅವಳು ಹುಡುಗಿಯೊಬ್ಬಳಿಗೆ ಚಹಾ ತರಲು ಹೇಳಿದಳು. ನಾನು ಕುಡಿಯದೆ ಬರುವುದು ಹೇಗೆ? ಆ ಚಹಾದಷ್ಟು ನಿಧಾನಕ್ಕೆ ನಾನು ಯಾವ ಚಹಾವನ್ನೂ ಕುಡಿದಿಲ್ಲ.

ಮರುದಿನ ಪೊರ್ಬುಗಳಿಗೆ ಹೇಳಿದೆ, ಸಂಚಿತಾಳನ್ನು ಕರೆಸಿ, ಫಾರಂ ತಿದ್ದಬೇಕು ಎಂದು. ಅವರ ಮುಖ ಕೆಂಪಾಯಿತು. ‘ನಿನಗೆ ತಲೆ ಸರಿ ಉಂಟಾ?’ ಎಂದರು. ಐವತ್ತು ವರ್ಷದಲ್ಲಿ ಮೊದಲ ಸಲ ಅವರು ನನ್ನನ್ನು ನೀನು ಎಂದದ್ದು. ‘ನಿನ್ನ ಮಾತು ನಂಬಿ ನಾನು ಊರೆದುರು ಬೋರ್ಡು ಹಿಡಿದು ಫೋಟೋ ತೆಗೆಸಿದ್ದು. ನೀನು ತಿದ್ದಿದ್ರೆ ನನ್ನ ಮುಖ ಎಲ್ಲಿ ಇಡ್ಲಿ?’ ಅವರು ಕೇಳಿದ್ದು ನ್ಯಾಯವೇ. ಆ ಹೊತ್ತು ನನಗೆ ಹೊಳೆದದ್ದು ಇಷ್ಟು, ಒಂದು ‘ಉಂಟು’ ಎಂದು ನಾನು ನನ್ನ ಮುಖ ಉಳಿಸಿಕೊಂಡೆ, ಅದರ ಒಟ್ಟಿಗೆ ಇವರ ಮುಖವನ್ನೂ ಅಡವಿಟ್ಟಿದ್ದೆ. ಕೊನೆಗೆ ಅವರೇ ಫೋನು ತೆಗೆದು ಅವಳ ನಂಬರು ಒತ್ತಿ ನನ್ನ ಕೈಗೆ ಕೊಟ್ಟು, ಎದ್ದು ಒಳಗೆ ಹೋದರು.

ಶನಿವಾರ ಸಂಚಿತಾ ಸುರತ್ಕಲ್ಲಿನಿಂದ ಬಸ್ಸು ಹಿಡಿದು ಬಂದಳು. ಹಳೆಯ ಫಾರಂ ತಂದಿದ್ದಳು. ನಾನು ಹೇಳಿ ಮುಗಿಸುವವರೆಗೆ ಅದನ್ನು ಮಡಚಿ ಬಿಚ್ಚಿ ಮಾಡುತ್ತಿದ್ದಳು.

‘ಅಜ್ಜ, ನಾನು ಎರಡು ಪ್ರಶ್ನೆ ಒಟ್ಟಿಗೆ ಕೇಳಿದ್ದು. ಗೊಂದಲ ಆಗಿರಬೇಕು ನಿಮಗೆ. ತಪ್ಪು ನಂದು.’

ಬಾಗಿಲು ತೆರೆದುಕೊಟ್ಟ ಹಾಗಿತ್ತು. ಅದರಿಂದಲೂ ಹೊರಗೆ ಹೋಗಬಹುದಿತ್ತು.

‘ಅಲ್ಲ ಮಗಾ. ನೀನು ಯಾವುದಕ್ಕೆ ಉಂಟು ಅಂತ ಬರ್ಕೊಳ್ತಿ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದದ್ದು.’

ಅವಳು ಫಾರಂ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಪೆನ್ನು ನನ್ನ ಕೈಗೆ ಕೊಟ್ಟಳು. ಸೊನ್ನೆಯ ಮೇಲೆ ಗೀಟು ಎಳೆದು ಪಕ್ಕದಲ್ಲಿ ನೂರ ನಲವತ್ತೆಂಟು ಬರೆದೆ. ಎಂಟು ಸೊಟ್ಟ ಆಯಿತು. ‘ಬರುವ ವರ್ಷ ನಾವು ಮೇಲೆ ಹತ್ತಿಯೇ ನೋಡ್ತೇವೆ’ ಎಂದಳು ಹೋಗುವಾಗ. ನಂಬಿ ಬರೆದುಕೊಳ್ಳುತ್ತೇನೆ ಎಂದಿದ್ದ ಹುಡುಗಿಗೆ ಇದನ್ನು ಕಲಿಸಿಕೊಟ್ಟವನು ನಾನು.

ಬೋರ್ಡನ್ನು ಪೊರ್ಬುಗಳೇ ಸ್ಟೂಲಿನ ಮೇಲೆ ನಿಂತು ಬಿಚ್ಚಿದರು. ನಾನು ಸ್ಟೂಲು ಹಿಡಿಯಲು ಹೋದೆ, ಬೇಡ ಎಂದರು. ಶಾಲನ್ನು ಸಂಘಕ್ಕೆ ವಾಪಸು ಕೊಡುತ್ತೇನೆ ಎಂದಾಗ ರತ್ನಾವತಿ ಯಾಕೆ ಎಂದು ಕೇಳಿದಳು. ಹೇಳಿದೆ. ಅವಳು ಪ್ಲಾಸ್ಟಿಕ್ಕು ಸಮೇತ ತಂದು ಮೇಜಿನ ಮೇಲಿಟ್ಟು, ‘ಹಲ್ಲು ನೋವು ಅಂದದ್ದು ಇದಾ?’ ಎಂದಳು. ಅಷ್ಟೇ.

ಸೋಲಾರ್ ಹಾಕಿಸಿದ ಆರು ಮಂದಿಯಲ್ಲಿ ಯಾರೂ ತೆಗೆಸಲಿಲ್ಲ. ಹಿಟ್ಟಿನ ಮಿಲ್ಲಿನವರು ಮಾತ್ರ ಬಂದು, ‘ಹಾಗಾದ್ರೆ ಗುಡುಗಿಗೆ ಆಫ್ ಮಾಡುವುದಾ ಬೇಡವಾ? ಒಂದು ಸರಿ ಹೇಳಿ ಮಾರಾಯ್ರೆ’ ಎಂದು ಕೇಳಿದರು. ಬೇಡವಂತೆ, ಆದರೆ ನನ್ನ ಕೈ ಕೇಳುವುದಿಲ್ಲ ಎಂದೆ. ಗಿರಾಕಿಗಳು ಇನ್ನೂ ಕೇಳುತ್ತಾರೆ, ಇಲ್ಲಿ ಒಂದು ಸೂರ್ಯ ಇತ್ತಲ್ಲ, ಇಲ್ವಾ ಎಂದು. ಪೊರ್ಬುಗಳು ಚಿಲ್ಲರೆ ಕೊಡುತ್ತಾ, ‘ಅದು ಅವನ ಹತ್ರ ಕೇಳಿ’ ಎಂದು ಒಳಗೆ ಬೆರಳು ತೋರಿಸುತ್ತಾರೆ. ನಾನು ಕೈಯ ಹಿಟ್ಟು ಒರೆಸಿಕೊಂಡು ಬಂದು ‘ಇಲ್ಲ’ ಎಂದು ಶುರುಮಾಡಿ, ಯಾಕೆ ಎಂದು ಹೇಳುತ್ತೇನೆ. ಎಷ್ಟು ಸಲ ಹೇಳಿದರೂ ಅದು ರೂಢಿಯಾಗಲಿಲ್ಲ.

ಈ ಮೇ ತಿಂಗಳಲ್ಲಿ ಗುಡುಗಿದಾಗ ಫ್ಯೂಸ್ ಎಳೆದೆ, ಮೇಲೆ ಹೋಗಿ ಕೆಂಪು ಸ್ವಿಚ್ಚು ತಿರುಗಿಸಿದೆ. ಕೆಳಗೆ ಬಂದು ಕತ್ತಲಲ್ಲಿ ಕೂತಿದ್ದ ಹತ್ತು ಮಂದಿಯ ನಡುವೆ ನಿಂತು ಹೇಳಿದೆ, ‘ಮೇಲಿನದ್ದೂ ಆಫ್ ಉಂಟು. ನನಗೆ ಮರೀತದೆ. ನೀವು ಕೂಗಿ ನೆನಪು ಮಾಡಬೇಕು.’ ಅದನ್ನು ಹೇಳಲು ನನಗೆ ಸ್ಟೇಜಿಗಿಂತ ಹೆಚ್ಚು ಕಷ್ಟವಾಯಿತು. ಒಬ್ಬ ಹುಡುಗಿ, ‘ಮುದ್ದಣ್ಣನಿಗೂ ಮರೀತದಾ!’ ಎಂದಳು. ಯಾರೋ ಅವಳನ್ನು ಸುಮ್ಮನಿರಿಸಿದರು.

ಮಳೆ ನಿಂತಿತು. ಫ್ಯೂಸ್ ಹಾಕಿದೆ, ಮೆಷಿನು ತಿರುಗಿತು, ನಾನು ಹಿಟ್ಟಿನ ಕಡೆ ನಡೆದೆ. ಮೂರು ಹೆಜ್ಜೆ ಹೋಗಿರಬೇಕು, ಹೊರಗಿನ ಗಲ್ಲಾದಿಂದ ಕೂಗು ಬಂತು.

‘ಮುದ್ದು! ಸೋಲಾರ್!’

ಅಲ್ಫೋನ್ಸ್ ಪೊರ್ಬುಗಳ ದನಿ. ನಾನು ತಿರುಗಿ ಮೆಟ್ಟಿಲು ಹತ್ತಿದೆ. ಅವರ ಬಾಯಿಗೆ ‘ಅಣ್ಣ’ ಇನ್ನೂ ವಾಪಸು ಬಂದಿಲ್ಲ.